ಹಲ್ಲಿ ಬಿದ್ದ ಪಾತ್ರೆಯ ಪಾಠ

ಮೊಮ್ಮಗಳು ನನ್ನ ಮಡಿಲಲ್ಲಿ ಮಲಗಿದ್ದಾಳೆ. ಬಾಯಿ ಅರ್ಧ ತೆರೆದಿದೆ, ಒಂದು ಕಡೆಯಿಂದ ಜೊಲ್ಲು ಇಳಿದು ನನ್ನ ಸೀರೆ ನೆನೆದಿದೆ. ಈ ಸಂತೋಷವನ್ನು ಎಲ್ಲಿಟ್ಟುಕೊಳ್ಳಲಿ ಅಂತ ಗೊತ್ತಾಗುವುದಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಇವಳ ಕಾಲ್ಬೆರಳು ತೋರಿಸುತ್ತೇನೆ, ನೋಡಿ ಹೋದವರನ್ನೇ ಮತ್ತೆ ಕರೆಯುತ್ತೇನೆ. ನನ್ನ ಮಗ ಜೀಪ್ ಓಡಿಸುತ್ತಾನೆ. "ಅವ್ವ, ಏರಲ್ಲಿ ಜೀಪ್ ನಿಲ್ಸಿ ನಿಲ್ಸಿ ಮಗೀನ ತೋರಿಸ್ಬ್ಯಾಡ, ಹಿಂದ್ಗಡೆ ಗಾಡಿ ನಿಂತ್ಕತವೆ" ಅಂತಾನೆ. ನಿಲ್ಲಲಿ ಬಿಡು. ಅವರೂ ಇಳಿದು ನೋಡಲಿ.

ಹಾಗಾಗಿ ಸಂತೋಷದ ವಿಷಯ ಬರೆಯೋಣ ಅಂತಲೇ ಕೂತೆ. ಕೂತರೆ ಮೊದಲು ಬಂದಿದ್ದು ಹೇಸಿಗೆ. ಇವಳು ಹುಟ್ಟಿದ್ದಕ್ಕೆ ಸುತ್ತಲ ಲೈನಿನವರು, ಚರ್ಚಿನವರು, ನೆಂಟರು ಎಲ್ಲರೂ ಸೇರಿ ಒಂದು ಕಥೆ ಕಟ್ಟಿದ್ದಾರೆ. ಹೊಸ ವರ್ಷದ ಚೀಟಿಯಿಂದ ಹುಟ್ಟಿದ ಮಗು ಅಂತೆ. ಆ ಕಥೆ ಕಿವಿಗೆ ಬಿದ್ದಾಗಲೆಲ್ಲ ನಾನು ಎದ್ದು ಹೋಗಿ ಬಾಯಿ ಮುಕ್ಕಳಿಸುತ್ತೇನೆ. ನಾನು ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಒತ್ತಕ್ಷರ ಬಂದರೆ ಪೆನ್ನು ನಿಲ್ಲುತ್ತದೆ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕು. ಇಲ್ಲದಿದ್ದರೆ ಇವಳು ದೊಡ್ಡವಳಾದ ಮೇಲೆ ಆ ಕಥೆಯನ್ನೇ ನಂಬಿಬಿಡುತ್ತಾಳೆ.

ನಮ್ಮದು ವನಗೂರು ಕಡೆಯ ಒಂದು ಕಾಫಿ ಎಸ್ಟೇಟಿನ ಲೈನ್ ಮನೆ, ಕೆಲಸದವರಿಗೆ ಸಾಲಾಗಿ ಕಟ್ಟಿಸಿದ್ದರಲ್ಲಿ ಒಂದು. ನನ್ನ ಯಜಮಾನರು ಇದ್ದಾಗಲೂ ಇದೇ ಮನೆ, ಅವರು ಹೋದ ಮೇಲೂ ಇದೇ. ನಾನು, ಮಗ, ಸೊಸೆ. ಸೊಸೆ ಪಿಯುಸಿ ಓದಿದವಳು. ಮದುವೆಯಾಗಿ ಬಂದ ವಾರದಲ್ಲೇ, ನಾನು ದೇವರ ಪುಸ್ತಕವನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸುವುದನ್ನು ನೋಡಿ, "ಕೊಡಿ ಅತ್ತೆ, ನಾನೋದ್ತೀನಿ" ಅಂತ ಕೈಯಿಂದ ತೆಗೆದುಕೊಂಡಳು. ಆಮೇಲೆ ದಿನಾ ಸಂಜೆ ಅದೇ ನಮ್ಮ ರೂಢಿ. ನಾನು ತೋಟದ ಕೆಲಸ ಮುಗಿಸಿ ಬಂದು ಕಾಲು ತೊಳೆದು ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದೆ, ಅವಳು ಒಂದು ಅಧ್ಯಾಯ ಓದುತ್ತಿದ್ದಳು, ಆಮೇಲೆ ದಿನದ ಧ್ಯಾನದ ಪುಸ್ತಕದಿಂದ ಒಂದು ಪುಟ. ಕುರುಬ ಮಾತಾಡಿದರೆ ಕುರುಬನ ದನಿ, ರಾಜ ಮಾತಾಡಿದರೆ ರಾಜನ ದನಿ. ಪಕ್ಕದ ಮನೆಯವಳು ಒಲೆ ಮುಂದೆ ಕೂತೇ, "ಸ್ವಲ್ಪ ಜೋರಾಗ್ ಓದೆ" ಅಂತ ಕೂಗುತ್ತಿದ್ದಳು. ಬೆನ್ನು ಎಷ್ಟು ನೋಯುತ್ತಿದ್ದರೂ ಆ ದನಿ ಕೇಳಿದರೆ ನಾಳೆ ಮತ್ತೆ ಕೆಲಸಕ್ಕೆ ಹೋಗೋಣ ಅನ್ನಿಸುತ್ತಿತ್ತು.

ಈಗ ಚೀಟಿಯ ವಿಷಯ. ನಮ್ಮ ಚರ್ಚಿನಲ್ಲಿ ಹೊಸ ವರ್ಷದ ಬೆಳಿಗ್ಗೆ ಅಯ್ಯನೋರು, ಅಂದರೆ ನಮ್ಮ ಪಾದ್ರಿ, ಆರಾಧನೆ ಮುಗಿಸಿದ ಮೇಲೆ ಒಂದು ತಟ್ಟೆ ಬರುತ್ತದೆ. ಅದರ ತುಂಬ ಸುರುಳಿ ಸುತ್ತಿದ ಚೀಟಿಗಳು, ಒಂದೊಂದರಲ್ಲೂ ದೇವರ ಪುಸ್ತಕದ ಒಂದೊಂದು ವಾಕ್ಯ. ಮನೆಗೊಬ್ಬರು ಕಣ್ಣು ಮುಚ್ಚಿ ಒಂದು ತೆಗೆಯಬೇಕು. ಆ ವರ್ಷಕ್ಕೆ ದೇವರು ಆ ಮನೆಗೆ ಕೊಟ್ಟ ಮಾತು ಅದು. ತಂದು ಗೋಡೆಗೆ ಅಂಟಿಸುತ್ತಾರೆ. ಆ ವರ್ಷ ಸೊಸೆ ಬಸುರಿ. ಅವಳ ಕೈಗೆ ಬಂದ ಚೀಟಿಯಲ್ಲಿ, ಹೊಟ್ಟೆಯ ಫಲ ಚೆನ್ನಾಗಿರುತ್ತದೆ ಅನ್ನುವ ಅರ್ಥದ ವಾಕ್ಯ ಇತ್ತು.

ಆಲೂರಿನ ಪಾಳ್ಯದಲ್ಲಿ ನನ್ನ ನಾದಿನಿ ಇದ್ದಾಳೆ, ನನ್ನ ಯಜಮಾನರ ತಂಗಿ. ಮಕ್ಕಳಿಲ್ಲ. ಅಲ್ಲಿಯ ಪ್ರಾರ್ಥನೆ ಕೂಟವನ್ನು ಅವಳೇ ನಡೆಸುತ್ತಾಳೆ. ಪ್ರತಿ ಹೊಸ ವರ್ಷಕ್ಕೂ ನಮ್ಮ ಚರ್ಚಿಗೇ ಬರುತ್ತಾಳೆ. ಚೀಟಿ ನೋಡಿದ್ದೇ ತಡ, ಅವಳು ಎದ್ದು ನಿಂತು ಅಳುತ್ತಾ ಕೈ ಎತ್ತಿದಳು. ಒಂದು ವಾರಕ್ಕೆ ಆ ಚೀಟಿಗೆ ಫ್ರೇಮ್ ಹಾಕಿಸಿ, ಸುತ್ತ ಪ್ಲಾಸ್ಟಿಕ್ ಗುಲಾಬಿ ಹೂ ಅಂಟಿಸಿ, ತಂದು ನಮ್ಮ ಗೋಡೆಗೆ ಮೊಳೆ ಹೊಡೆದಳು. ಸೊಸೆ ಅದರ ಧೂಳು ದಿನಾ ಒರೆಸುತ್ತಿದ್ದಳು.

ಬಸುರಿಗೆ ಐದು ತಿಂಗಳಾದಾಗ ಮಗು ಉಳಿಯಲಿಲ್ಲ. ಸಕಲೇಶಪುರದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಜೀಪಿನ ಹಿಂದಿನ ಸೀಟಿನಲ್ಲಿ, ನನ್ನ ಕೈ ಹಿಡಿದುಕೊಂಡೇ ಆಗಿ ಹೋಯಿತು. ಅದನ್ನು ಇನ್ನು ಹೆಚ್ಚು ಬರೆಯುವುದಿಲ್ಲ.

ಬರೆಯಬೇಕಾದದ್ದು ಆಮೇಲೆ ಬಂದವರ ವಿಷಯ. ಸಮಾಧಾನ ಹೇಳಲು ಬಂದವರು. ಒಬ್ಬಳು, ಪರಲೋಕದ ತೋಟಕ್ಕೆ ಒಂದು ಮೊಗ್ಗು ಬೇಕಾಗಿತ್ತು ಅಂದಳು. ಹೇಳಿ ಮುಗಿಸಿ ತಟ್ಟೆಯಲ್ಲಿದ್ದ ಚಕ್ಕುಲಿ ಮುರಿದಳು. ದೇವರು ಮೊಗ್ಗು ಕಿತ್ತುಕೊಂಡು ಹೋಗುವ ಕಳ್ಳನೇನು? ಮತ್ತೊಬ್ಬಳು ಫೋನ್ ತೆಗೆದು ಚಿತ್ರ ತೋರಿಸಿದಳು. ಹೊಳೆಯುವ ಸೂರ್ಯ, ಹಾರುವ ಪಾರಿವಾಳ, ಕೆಳಗೆ ಒಂದು ಸಿಹಿ ಮಾತು, ಅದರ ಕೆಳಗೆ ಇದನ್ನು ಹತ್ತು ಜನಕ್ಕೆ ಕಳಿಸಿದರೆ ಆಶೀರ್ವಾದ ಅಂತ. ಸೊಸೆ ಹಾಸಿಗೆಯ ಮೇಲೆ ಕೂತು ಎಲ್ಲದಕ್ಕೂ ತಲೆ ಆಡಿಸಿದಳು. ಜೋನಿ ಬೆಲ್ಲ ಮೈಗೆ ಮೆತ್ತಿಕೊಂಡರೆ ಇರುವೆ ಹತ್ತುವ ಹಾಗೆ ಆ ಮಾತುಗಳು ಅವಳ ಮೈ ಮೇಲೆ ಹತ್ತುವುದು ನನಗೆ ಕಾಣುತ್ತಿತ್ತು.

ನಾದಿನಿ ಬಂದವಳು ಗೋಡೆಯ ಫ್ರೇಮ್ ನೋಡಿದಳು. ಎಲ್ಲರೂ ಕೂತಿದ್ದಾಗಲೇ ಸೊಸೆಯನ್ನು ಕೇಳಿದಳು, "ವಾಕ್ಯ ಸುಳ್ಳಾಗಲ್ಲ ಮಗ. ನೀನೇ ಯೋಚ್ನೆ ಮಾಡು, ಎಲ್ಲಾದ್ರೂ ನಿನ್ನ ನಂಬಿಕೆ ಕಮ್ಮಿಯಾಗಿತ್ತಾ?"

ಅವತ್ತಿಂದ ಸೊಸೆ ಪುಸ್ತಕ ಮುಟ್ಟಲಿಲ್ಲ. ಚರ್ಚಿಗೆ ಬರುತ್ತಿದ್ದಳು, ಹಾಡಿನ ಹೊತ್ತಿಗೆ ಎಲ್ಲರೊಂದಿಗೆ ಎದ್ದು ನಿಲ್ಲುತ್ತಿದ್ದಳು, ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ. ಫ್ರೇಮನ್ನು ಗೋಡೆ ಕಡೆಗೆ ಮುಖ ಮಾಡಿ ತಿರುಗಿಸಿದಳು. ನಾದಿನಿ ಬಂದಾಗ ಅದನ್ನು ಸರಿ ಮಾಡಿ ಹೋಗುತ್ತಿದ್ದಳು, ಅವಳ ಬೆನ್ನು ಕಂಡ ಕೂಡಲೇ ಸೊಸೆ ಮತ್ತೆ ತಿರುಗಿಸುತ್ತಿದ್ದಳು. ಸಂಜೆ ಮೆಟ್ಟಿಲ ಮೇಲೆ ನಾನೊಬ್ಬಳೇ.

ಆ ವರ್ಷದ ಕೊನೆಯಲ್ಲಿ ಕಾಫಿ ಹಣ್ಣಿನ ಕುಯ್ಲು ಶುರುವಾಯಿತು. ಹಣ್ಣು ಸುಲಿಯುವ ಪಲ್ಪರ್ ಮೆಷಿನ್ ಓಡಿದಾಗ ಹಣ್ಣಿನ ಸಿಪ್ಪೆ ರಾಶಿ ಬೀಳುತ್ತದೆ, ಅದು ಕೊಳೆತ ವಾಸನೆ ಲೈನಿನವರೆಗೂ ಬರುತ್ತದೆ. ನಮಗೆಲ್ಲ ಅದು ಅಭ್ಯಾಸ. ಒಂದು ಬೆಳಿಗ್ಗೆ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದಳು. ನನಗೆ ತಿಳಿಯಿತು. ಬೆನ್ನು ನೀವಲು ಹೋದೆ. ಅವಳು ಗೋಡೆ ಹಿಡಿದು ನಿಂತು ಹೇಳಿದಳು, "ಅತ್ತೆ, ಈ ಸಲ ಯಾರಿಗೂ ಹೇಳ್ಬೇಡಿ. ಯಾರೂ ನಂಗೆ ಒಳ್ಳೇ ಮಾತು ಹೇಳ್ಬಾರ್ದು. ನೀವೂನು."

ಆಯ್ತು ಅಂದೆ. ಆದರೆ ಅವಳು ಹೆದರಿ ಹೆದರಿ ಮಲಗಿಬಿಟ್ಟಳು. ಗೋಡೆ ಕಡೆ ಮುಖ. ಊಟ ಇಲ್ಲ, ಮಾತಿಲ್ಲ. ಸಕಲೇಶಪುರದ ಡಾಕ್ಟರಮ್ಮ, "ಮಗು ಚೆನ್ನಾಗೇ ಇದೆ. ತಾಯಿ ಹಿಂಗೆ ಊಟ ಬಿಟ್ಟರೆ ಕಷ್ಟ ಆಗುತ್ತೆ" ಅಂದರು. ಗಂಜಿ ಕಾಸಿ, ಆರಿಸಿ, ಚಮಚದಲ್ಲಿ ಬಾಯಿಗೆ ಹಿಡಿಯುತ್ತಿದ್ದೆ. ಎರಡು ಚಮಚ ಒಳಗೆ ಹೋದರೆ ಅವತ್ತು ನನಗೆ ಹಬ್ಬ.

ನನ್ನ ಮಗ ಒಳ್ಳೆಯವನೇ, ಆದರೆ ಬಾಯಿಗೆ ಚಿಲಕ ಇಲ್ಲ. ಪಾಳ್ಯದ ಅತ್ತೆಗೆ ಫೋನ್ ಮಾಡಿ ಹೇಳಿಬಿಟ್ಟ. ಮೂರನೇ ದಿನ ನಾದಿನಿ ಬಂದಳು, ಜೊತೆಗೆ ಕೂಟದ ಇಬ್ಬರು ಹೆಂಗಸರು. ಒಬ್ಬಳ ಕೈಯಲ್ಲಿ ಧೈರ್ಯ ತುಂಬುವ ಪುಸ್ತಕಗಳ ಕಟ್ಟು, ನಾದಿನಿಯ ಕೈಯಲ್ಲಿ ಒಂದು ಬಾಟಲಿ. ಮೊದಲು ಕೆಮ್ಮಿನ ಔಷಧಿ ಇದ್ದ ಬಾಟಲಿ ಅದು, ಈಗ ಅದರಲ್ಲಿ ಪ್ರಾರ್ಥನೆ ಮಾಡಿದ ಎಣ್ಣೆ.

"ಅತ್ಗೆ, ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೇನೈತೆ. ವಾಂತಿ ಮಾಡ್ಕತಾ ಅವ್ಳೆ, ಅಷ್ಟೆ."

"ಅದ್ಕೇ ಬಂದಿದ್ದು ನಾವು."

ಅವರು ಹಾಸಿಗೆಯ ಸುತ್ತ ಕೂತರು. ನಾದಿನಿ ಬಾಟಲಿ ಮುಚ್ಚಳ ತೆಗೆದಳು. ಕೊಬ್ಬರಿ ಎಣ್ಣೆ ಹಳೆಯದಾಗಿ ಕಮಟು ಹಿಡಿದಿತ್ತು, ಅದರ ಮೇಲೆ ಯಾವುದೋ ಸೆಂಟು ಬೇರೆ. ಬಾಗಿಲಲ್ಲಿ ನಿಂತ ನಾನೇ ಮೂಗು ಮುಚ್ಚಿಕೊಂಡೆ. ಸೊಸೆಯ ಹಣೆಗೆ, ಹೊಟ್ಟೆಗೆ ಹಚ್ಚಿದಳು. ಆಮೇಲೆ ಒಂದು ಚಮಚ ತುಂಬಿ, "ನಂಬಿಕೆ ಇಟ್ಟು ನುಂಗು ಮಗ" ಅಂದಳು. ದೊಡ್ಡವರಿಗೆ ಬೇಡ ಅಂದು ಗೊತ್ತಿಲ್ಲದ ಹುಡುಗಿ ನುಂಗಿದಳು. ಇನ್ನೊಬ್ಬಳು ಪುಸ್ತಕ ಬಿಚ್ಚಿ, ಮಗುವಿಗೆ ಲಾಲಿ ಹಾಡುವ ದನಿಯಲ್ಲಿ ಓದತೊಡಗಿದಳು. ಇವತ್ತಿನ ಕಣ್ಣೀರು ನಾಳೆಯ ಮುತ್ತು ಅಂತ ಏನೋ. ಸಾಲು ಸಾಲಿಗೂ ನಿಲ್ಲಿಸಿ ಸೊಸೆಯ ಮುಖ ನೋಡಿ, "ನಂಬ್ತೀನಿ ಅನ್ನಿ ಸಿಸ್ಟರ್" ಅಂತಿದ್ದಳು.

ಸೊಸೆ ನಂಬ್ತೀನಿ ಅನ್ನಲು ಬಾಯಿ ತೆರೆದಳು. ಎಣ್ಣೆ, ಗಂಜಿ ಎಲ್ಲ ಒಟ್ಟಿಗೆ ಹೊರಗೆ ಬಂತು. ಪುಸ್ತಕದ ಮೇಲೆ, ನಾದಿನಿಯ ರೇಷ್ಮೆ ಸೀರೆಯ ನೆರಿಗೆಯ ಮೇಲೆ.

ನಾದಿನಿ ಮುಖ ಕಿವಿಚಿದಳು, ಮರುಗಳಿಗೆ ಸಾವರಿಸಿಕೊಂಡಳು. "ನೋಡಿ, ಒಳಗಿದ್ದ ಅಪನಂಬಿಕೆ ಆಚೆ ಬಂತು."

ಅಲ್ಲಿಯವರೆಗೆ ತಡೆದುಕೊಂಡಿದ್ದೆ. "ಅಪನಂಬಿಕೆ ಅಲ್ಲ ಕಣೆ ಅದು, ಬೆಳಿಗ್ಗೆ ಕುಡಿಸಿದ್ ಗಂಜಿ. ಒಂದ್ ಗಂಟೆ ಕೂತು ಕುಡಿಸಿದ್ದೆ. ಎದ್ದೇಳಿ ಮೂರು ಜನಾನು."

"ಅತ್ಗೆ, ದೇವರ ಕೆಲಸಕ್ಕೆ ಅಡ್ಡ ಬರ್ಬೇಡಿ."

"ದೇವರ ಕೆಲಸ ಮಾಡೋರಾದ್ರೆ ಆ ಬಕೆಟ್ ತಗಂಡು ನೆಲ ಒರ್ಸು. ಆಗಲ್ವಾ, ಬಸ್ ಹತ್ತು."

ನಾದಿನಿ ಸೀರೆ ಎತ್ತಿ ಹಿಡಿದುಕೊಂಡು ಹೋದಳು. ಬಾಗಿಲಲ್ಲಿ, "ನಾನೇನ್ ಕೆಟ್ಟದ್ ಬಯಸ್ದೆ ನಿಮ್ಗೆ?" ಅಂದಳು. ಕೆಟ್ಟದ್ದು ಬಯಸಿರಲಿಲ್ಲ, ಅದು ನನಗೂ ಗೊತ್ತಿತ್ತು. ಅದು ಗೊತ್ತಿದ್ದರಿಂದ ಇನ್ನೂ ಅಸಹ್ಯವಾಯಿತು.

ನೆಲ ಒರೆಸಿದೆ. ಸೊಸೆಯ ಮೈ ಒರೆಸಿ ಬೇರೆ ನೈಟಿ ತೊಡಿಸಿದೆ. ಎಣ್ಣೆಯ ವಾಸನೆ ಹೋಗಲಿ ಅಂತ ಬಾಗಿಲು, ಕಿಟಕಿ ತೆಗೆದೆ. ಹೊರಗೆ ಸಿಪ್ಪೆ ರಾಶಿಯ ವಾಸನೆ. ಮುಚ್ಚಿದರೆ ಅದು, ತೆಗೆದರೆ ಇದು. ಅವಳು ಮತ್ತೆ ಗೋಡೆ ಕಡೆ ತಿರುಗಿದಳು. ಸಂಜೆಯಾಯಿತು. ಆ ಮೌನ ತಡೆಯಲಾಗಲಿಲ್ಲ. ಒಳ್ಳೇ ಮಾತು ಹೇಳುವ ಹಾಗಿಲ್ಲ, ಮಾತು ಕೊಟ್ಟಿದ್ದೇನೆ. ಕೆಟ್ಟ ಮಾತು ಹೇಳಲು ಮನಸ್ಸಿಲ್ಲ. ಕನ್ನಡಕ ಹಾಕಿಕೊಂಡು ದೇವರ ಪುಸ್ತಕ ತೆಗೆದೆ. ಎಲ್ಲಿ ತೆರೆಯಿತೋ ಅಲ್ಲಿಂದ, ಬೆರಳಿಟ್ಟು, ಅಕ್ಷರ ಕೂಡಿಸಿ ಓದತೊಡಗಿದೆ.

ತೆರೆದದ್ದು ಮೊದಮೊದಲ ಭಾಗ. ಯಾವ ಪ್ರಾಣಿ ತಿನ್ನಬಹುದು, ಯಾವುದು ತಿನ್ನಬಾರದು ಅನ್ನುವ ಅಧ್ಯಾಯ. ಮೈ ಮೇಲೆ ಪೊರೆ ಇಲ್ಲದ ಮೀನು, ಗೂಬೆ, ಬಾವಲಿ, ಇಲಿ, ಹಲ್ಲಿ. ಇಲಿ, ಹಲ್ಲಿಯಂಥವು ಸತ್ತು ಪಾತ್ರೆಯೊಳಗೆ ಬಿದ್ದರೆ ಏನು ಮಾಡಬೇಕು. ಅರ್ಧ ಪುಟಕ್ಕೆ ಬರುವಷ್ಟರಲ್ಲಿ ನನಗೇ ಮೈ ಜುಂ ಅಂತಿತ್ತು. ಆದರೆ ಪುಟ ತಿರುಗಿಸಿದರೆ ಮತ್ತೆ ಸಾಲು ಹುಡುಕಬೇಕು, ಅದು ನನ್ನ ಕೈಲಾಗದ ಕೆಲಸ. ಓದಿದೆ.

ಗೋಡೆ ಕಡೆಯಿಂದ ದನಿ ಬಂತು. "ಅತ್ತೆ. ಅದೇನ್ ಓದ್ತಿದೀರಿ?"

"ಹಲ್ಲಿ ಬಿದ್ದಿರೋ ಪಾತ್ರೆ."

"ಯಾಕೆ?"

"ಇಲ್ಲೈತೆ, ಓದ್ತಾ ಇದೀನಿ."

ಹೊದಿಕೆ ಕಿವಿಯಿಂದ ಸರಿಸಿದಳು. "ಬಿದ್ರೆ ಏನ್ ಮಾಡ್ಬೇಕಂತೆ?"

"ಮಣ್ಣಿಂದಾದ್ರೆ ಒಡ್ದಾಕ್ಬೇಕಂತೆ. ಮರದ್ದಾದ್ರೆ ನೀರಲ್ಲಿ ನೆನೆಸ್ಬೇಕಂತೆ."

"ಸ್ಟೀಲಿಂದಾದ್ರೆ?"

"ಆಗ ಸ್ಟೀಲ್ ಇರ್ಲಿಲ್ಲ ಕಣೆ."

ಅವಳ ಬೆನ್ನು ಅಲುಗಿತು. ಅಳುತ್ತಿದ್ದಾಳೆ ಅಂತ ಪುಸ್ತಕ ಮುಚ್ಚಿ ಎದ್ದೆ. ಅಳುತ್ತಿರಲಿಲ್ಲ, ನಗುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ನಕ್ಕವಳು, ಹೇಗೆ ನಿಲ್ಲಿಸುವುದು ಅಂತ ತಿಳಿಯದೆ ಹೊಟ್ಟೆ ಹಿಡಿದುಕೊಂಡಳು. "ಇಡೀ ಪುಸ್ತಕದಲ್ಲಿ ಅಷ್ಟೊಂದ್ ಒಳ್ಳೇ ಮಾತವೆ ಅತ್ತೆ, ಎಲ್ಲಾ ಬುಟ್ಟು ಹಲ್ಲಿ ಹಿಡ್ಕಂಡ್ರಾ?"

"ಒಳ್ಳೇ ಮಾತು ಬ್ಯಾಡ ಅಂದೋಳು ನೀನು."

"ಹಂದಿ?"

"ಅದೂ ತಿನ್ಬಾರ್ದಂತೆ."

"ಮತ್ತೆ ಕ್ರಿಸ್ಮಸ್ಸಿಗೆ ತಿಂದಿದ್ದು?"

"ಮುಂದೆಲ್ಲೋ ತಿನ್ಬೋದು ಅಂತ ಬುಟ್ಟವ್ರಂತೆ. ಅಯ್ಯನೋರು ಹೇಳಿದ್ರು, ಪುಟ ಗೊತ್ತಿಲ್ಲ."

ಅವತ್ತು ಅವಳೇ ಒಣಮೀನು ಸುಟ್ಟು ಕೊಡಿ ಅಂತ ಕೇಳಿದಳು. ಸುಡುವ ಮೊದಲು, "ಪೊರೆ ಐತಾ ನೋಡಿ, ಇಲ್ದಿದ್ರೆ ತಿನ್ನಂಗಿಲ್ಲ" ಅಂತ ಹಾಸಿಗೆಯಿಂದಲೇ ಕೂಗಿದಳು. ಗಂಜಿ ಜೊತೆ ಎರಡು ಮೀನು ತಿಂದಳು. ಒಳಗೇ ಉಳಿಯಿತು.

ಆಮೇಲೆ ದಿನಾ ಹಾಗೇ. ನಾನು ಓದುವುದು, ಅವಳು ಗೋಡೆ ಕಡೆಯಿಂದ ಪ್ರಶ್ನೆ ಕೇಳುವುದು. ಗೋಡೆಗೆ ಬೂಷ್ಟು ಹಿಡಿದರೆ ಸುಣ್ಣ ಕೆರೆದು ಊರಾಚೆ ಹಾಕಬೇಕು, ಮತ್ತೆ ಹಿಡಿದರೆ ಮನೆಯನ್ನೇ ಕೆಡವಬೇಕು ಅಂತ ಬಂತು. "ಹಂಗಾದ್ರೆ ನಮ್ ಲೈನಿಡೀ ಕೆಡವ್ಬೇಕು, ಎಸ್ಟೇಟ್ ರೈಟರಿಗೆ ಹೇಳಿ" ಅಂದಳು. ಚರ್ಮದ ಮೇಲಿನ ಗಾಯ, ಕೀವು, ಬೋಳು ತಲೆ. ಒಂದು ದಿನ ಬರೀ ಹೆಸರುಗಳು, ಯಾರು ಯಾರ ಮಗ ಅಂತ. ಆ ಹೆಸರು ಕೂಡಿಸಿ ಓದುವಷ್ಟರಲ್ಲಿ ನನ್ನ ನಾಲಿಗೆ ಗಂಟು ಬಿದ್ದು, "ಇಂಥ ಹೆಸರಿಟ್ಟು ಮಕ್ಕಳ್ನ ಊಟಕ್ ಹೆಂಗ್ ಕರೀತಿದ್ರೋ" ಅಂದೆ. ಅವಳು ತಿರುಗಿ ನನ್ನ ಕಡೆ ಮಲಗಿದಳು. ಆ ಪುಟಗಳಲ್ಲಿ ಯಾರೂ ಅವಳನ್ನು ನಗು ಅನ್ನಲಿಲ್ಲ, ನಂಬ್ತೀಯಾ ಅಂತ ಕೇಳಲಿಲ್ಲ.

ನನಗೆ ಒಂದು ವಿಷಯ ಹೊಳೆದದ್ದೂ ಆಗಲೇ. ಕೀವು, ಬೂಷ್ಟು, ಸತ್ತ ಇಲಿ, ಇಷ್ಟನ್ನೆಲ್ಲ ಹೇಸದೆ ಒಂದೊಂದಾಗಿ ನೋಡಿ ಬರೆಸಿದ ದೇವರು, ನಮ್ಮ ಮಂಚದ ಕೆಳಗಿನ ವಾಂತಿ ಬಕೆಟ್ಟಿಗೂ ಹೇಸುವವನಲ್ಲ. ಪಾರಿವಾಳದ ಚಿತ್ರದಲ್ಲಿ ಆ ದೇವರು ನನಗೆ ಯಾವತ್ತೂ ಕಂಡಿರಲಿಲ್ಲ.

ಹೊಸ ವರ್ಷ ಬಂತು. ಸೊಸೆ ಚರ್ಚಿಗೆ ಬಂದಳು. ತಟ್ಟೆ ನಮ್ಮ ಸಾಲಿಗೆ ಬಂದಾಗ ಎಲ್ಲರ ಕತ್ತೂ ತಿರುಗಿತು. ಅವಳು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಏನೂ ತೆಗೆಯದೆ, ಪಕ್ಕದವರಿಗೆ ದಾಟಿಸಿದಳು. ಅಯ್ಯನೋರು ನೋಡಿದರು, ಸುಮ್ಮನೆ ಹಾಡು ಮುಂದುವರಿಸಿದರು. ಹಿಂದಿನ ಸಾಲಿನಲ್ಲಿದ್ದ ನಾದಿನಿ ಮಾತ್ರ ತನಗೊಂದು, ಇನ್ನೊಂದು ಸೊಸೆಯ ಪರವಾಗಿ ತೆಗೆದಳು. ಹೊರಗೆ ಬಂದ ಮೇಲೆ ಅದನ್ನು ಅವಳ ಕೈಗೆ ತುರುಕಿದಳು.

"ನಿನ್ ಹೆಸರೇಳಿ ತೆಗ್ದೆ ಕಣೆ. ಖಾಲಿ ಹೋಗ್ಬಾರ್ದು."

ಸೊಸೆ ಬಿಚ್ಚಿ ಓದಿದಳು. ಶತ್ರುಗಳ ಮೇಲೆ ಜಯದ ವಾಕ್ಯ. "ಪಾಳ್ಯದತ್ತೆ, ಇದು ನಿಮ್ ಕೈಗ್ ಬಂದಿದ್ದು. ನೀವೇ ಇಟ್ಕಳಿ. ಶತ್ರು ಯಾರು ಅಂತಾನೂ ನೀವೇ ನೋಡ್ಕಳಿ" ಅಂತ ವಾಪಸ್ ಕೊಟ್ಟಳು. ನಾನು ಜೀಪಿನಲ್ಲಿ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಇವಳು ಹುಟ್ಟಿದ್ದು ಮಳೆಗಾಲದಲ್ಲಿ. ನರ್ಸ್ ತಂದು ನನ್ನ ಕೈಗೆ ಕೊಟ್ಟಾಗ ಇವಳ ಮೈ ಮೇಲೆ ಇನ್ನೂ ಬಿಳೀ ಲೋಳೆ, ಕಿವಿಯ ಹಿಂದೆ ರಕ್ತ. ಹಣ್ಣಿನಿಂದ ಹಿಂಡಿದ ಹಸಿ ಬೀಜದ ಹಾಗೆ ಜಾರುತ್ತಿದ್ದಳು. ಮರುದಿನ ಮೊದಲ ಕಕ್ಕ, ಡಾಂಬರಿನ ಹಾಗೆ ಕಪ್ಪು, ನನ್ನ ಕೈತುಂಬ. ನಾನು ಆ ಕೈ ಹಿಡಿದುಕೊಂಡೇ ವಾರ್ಡಿನ ಬಾಗಿಲಿಗೆ ಓಡಿ ಮಗನಿಗೆ ತೋರಿಸಿದೆ. "ಅವ್ವ, ತೊಳ್ಕೊ ಮಾರಾಯ್ತಿ" ಅಂದ. ಅವನಿಗೇನು ಗೊತ್ತು. ಅಷ್ಟು ಚಂದದ ವಸ್ತು ನಾನು ಜೀವಮಾನದಲ್ಲಿ ನೋಡಿರಲಿಲ್ಲ.

ಇವಳ ತಲೆಗೆ ನೀರು ಹಾಕಿಸುವ ದೀಕ್ಷಾಸ್ನಾನದ ದಿನ ಚರ್ಚು ತುಂಬಿತ್ತು. ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳುವ ಹೊತ್ತಿಗೆ ನಾದಿನಿ ಎದ್ದು ಮುಂದೆ ಹೋದಳು. ಕಣ್ಣಲ್ಲಿ ನೀರು. ಆ ಫ್ರೇಮ್ ಹಾಕಿಸಿದ ಚೀಟಿಯ ಕಥೆ ಹೇಳಿದಳು. ವಾಗ್ದಾನ ತಡವಾದರೂ ನೆರವೇರಿತು, ಮೊದಲನೆಯದು ಬರೀ ನಂಬಿಕೆಯ ಪರೀಕ್ಷೆ, ಇದು ನಿಜವಾದ ಫಲ ಅಂದಳು. ಜನ ತಲೆದೂಗಿದರು. ಯಾರೋ ಸ್ತೋತ್ರ ಅಂದರು. ನಾನು ಎದ್ದು ಹೊರಗೆ ಹೋಗೋಣ ಅಂದರೆ ಮಡಿಲಲ್ಲಿ ಮಗು.

ಸೊಸೆ ಕೂತಲ್ಲಿಂದಲೇ ಎದ್ದು ನಿಂತಳು. ಒಂದೂವರೆ ವರ್ಷದಿಂದ ಚರ್ಚಿನಲ್ಲಿ ತುಟಿ ಬಿಚ್ಚದವಳು.

"ಆ ಚೀಟಿ ನನ್ನ ಮೊದಲನೇ ಮಗೂಗೆ ಬಂದಿದ್ದು" ಅಂದಳು. "ಅದು ಪರೀಕ್ಷೆ ಅಲ್ಲ. ನನ್ನ ಮಗು. ಅದು ಸತ್ತೋಯ್ತು. ಯಾಕೆ ಅಂತ ನಂಗೊತ್ತಿಲ್ಲ, ಪಾಳ್ಯದತ್ತೆಗೂ ಗೊತ್ತಿಲ್ಲ. ಇವಳು ಎರಡನೇ ಮಗು. ದೇವರಿಗೆ ಇವಳಿಗೋಸ್ಕರ ವಂದನೆ ಹೇಳ್ತೀನಿ. ಅದ್ನ ಅಳಿಸಿ ಇವಳ್ನ ಬರೀಬೇಡಿ."

ಕೂತಳು. ಅಯ್ಯನೋರು ತಲೆ ತಗ್ಗಿಸಿ ಪ್ರಾರ್ಥನೆ ಮಾಡಿದರು. ಪ್ರಾರ್ಥನೆಯಲ್ಲಿ ಎರಡು ಮಕ್ಕಳು ಅಂದರು.

ಜೀಪಿನಲ್ಲಿ ನಾದಿನಿ ನನ್ನ ಪಕ್ಕ ಕೂತಿದ್ದಳು. ಕಿಟಕಿ ಕಡೆ ನೋಡುತ್ತಲೇ, "ಮದುವೆಯಾದಾಗಿಂದ ವರ್ಷ ವರ್ಷ ಚೀಟಿ ತೆಗ್ದಿದೀನಿ ಅತ್ಗೆ. ಒಂದೂ ಬಿಸಾಕಿಲ್ಲ. ಅವು ನಿಜ ಅಲ್ದಿದ್ರೆ ನನ್ ಹತ್ರ ಇನ್ನೇನೈತೆ?" ಅಂದಳು. ಅವಳ ಮೇಲಿನ ಅಸಹ್ಯ ಪೂರ್ತಿ ಹೋಯಿತು ಅಂತಲೂ ಹೇಳಲಾರೆ, ಇವತ್ತಿಗೂ ಅಷ್ಟಿಷ್ಟು ಇದೆ. ಮಗುವನ್ನು ಎತ್ತಿ ಅವಳ ಮಡಿಲಿಗೆ ಹಾಕಿದೆ. ಮನೆ ಬರುವವರೆಗೂ ಅವಳೇ ಹಿಡಿದುಕೊಂಡಳು.

ನೆಂಟರೆಲ್ಲ ಹೋದ ಮೇಲೆ ಸಂಜೆ ನಾನು ಪುಸ್ತಕ ತೆಗೆದೆ. ಸೊಸೆ ಮಗುವಿಗೆ ಹಾಲು ಕುಡಿಸುತ್ತಾ, "ಇತ್ಲಾಗ್ ಕೊಡಿ ಅತ್ತೆ, ನೀವೋದ್ತಿದ್ರೆ ಇವಳು ದೊಡ್ಡೋಳಾಗಿ ಮದ್ವೆ ಆಗ್ಬುಡ್ತಾಳೆ" ಅಂದಳು. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಪುಸ್ತಕ. ಓದುತ್ತಾ ಓದುತ್ತಾ ಒಂದು ಕಡೆ ನಿಲ್ಲಿಸಿದಳು.

"ಏನಾಯ್ತೆ?"

"ಇಲ್ಲೊಂದು ಒಳ್ಳೇ ಮಾತೈತೆ."

"ಬ್ಯಾಡ ಅಂದ್ರೆ ದಾಟ್ಸು."

ಅವಳು ಆ ಸಾಲನ್ನು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ರಾಜನ ದನಿ ಇಲ್ಲ, ಕುರುಬನ ದನಿ ಇಲ್ಲ, ತನ್ನ ಸ್ವಂತ ದನಿಯಲ್ಲಿ ಅದನ್ನು ಓದಿದಳು. ಗೋಡೆಯಾಚೆಯಿಂದ ಪಕ್ಕದ ಮನೆಯವಳು, "ಇನ್ನೊಂದ್ಸಲ ಓದೆ, ಒಗ್ಗರಣೆ ಸದ್ದಲ್ಲಿ ಕೇಳ್ಸಲಿಲ್ಲ" ಅಂತ ಕೂಗಿದಳು. ಇನ್ನೊಂದು ಸಲ ಓದಿದಳು.